ಡ್ಯಾನ್ ಡೇರ್ ದುಡಿದ, ಬರೆದವರಿಗೆ ಏನು ಸಿಕ್ತು?

ಇವತ್ತಿನ ಕಥೆ ಶುರುವಾಗೋದು ಹಾರ್ಲಿಕ್ಸ್‌ನಿಂದ. ಹೌದು, ಪರೀಕ್ಷೆ ಟೈಮಲ್ಲಿ ಅಮ್ಮ ಕಲಸಿ ಕೊಡ್ತಿದ್ದ ಅದೇ ಹಾರ್ಲಿಕ್ಸ್. 1951ರಿಂದ 1956ರವರೆಗೆ ರೇಡಿಯೋ ಲಕ್ಸೆಂಬರ್ಗ್‌ನಲ್ಲಿ ಅವರ ಪ್ರಾಯೋಜಕತ್ವದಲ್ಲಿ ಒಂದು ಧಾರಾವಾಹಿ ಬರ್ತಿತ್ತು. ಹೀರೋ ಡ್ಯಾನ್ ಡೇರ್, ಬಾಹ್ಯಾಕಾಶದ ಪೈಲಟ್. ಹಳೇ ಆಡಿಯೋ ಶೋಗಳ ಬಗ್ಗೆ ಓದ್ತಾ ಇದ್ದವನು ನಾನು, ಕೊನೆಗೆ ಬಂದು ನಿಂತಿದ್ದು ಆ ಪೈಲಟ್‌ನ ಚಿತ್ರ ಬರೆದ ಫ್ರಾಂಕ್ ಹ್ಯಾಂಪ್ಸನ್ ಹತ್ರ.

ಹ್ಯಾಂಪ್ಸನ್ ಹುಟ್ಟಿದ್ದು 1918ರಲ್ಲಿ, ಮ್ಯಾಂಚೆಸ್ಟರ್ ಪಕ್ಕ. ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು, ವಾಪಸ್ ಬಂದು ಸೌತ್‌ಪೋರ್ಟ್‌ನಲ್ಲಿ ಚಿತ್ರಕಲೆ ಓದಿದರು. ಅಲ್ಲೇ ಮಾರ್ಕಸ್ ಮಾರಿಸ್ ಅನ್ನೋ ಪಾದ್ರಿ ಜೊತೆ ಸೇರಿ ಮಕ್ಕಳ ವಾರಪತ್ರಿಕೆಯೊಂದರ ಮಾದರಿ ತಯಾರಿಸಿದರು. ಅದೇ 'ಈಗಲ್'. ಹಲ್ಟನ್ ಪ್ರೆಸ್ ಅದನ್ನು ತಗೊಂಡಿತು. ಮೊದಲ ಸಂಚಿಕೆ 1950ರ ಏಪ್ರಿಲ್ 14ಕ್ಕೆ ಬಂತು, ಸುಮಾರು 9 ಲಕ್ಷ ಪ್ರತಿ ಖರ್ಚಾಯ್ತು.

ಬ್ರಿಟನ್‌ನಲ್ಲಿ ಆಗಿನ್ನೂ ರೇಷನ್ ಇತ್ತು. ಮೊದಲ ಕಥೆಯಲ್ಲಿ ಡ್ಯಾನ್ ಶುಕ್ರಗ್ರಹಕ್ಕೆ ಹೋಗೋದು ಯಾಕೆ ಗೊತ್ತಾ? ಭೂಮಿಯಲ್ಲಿ ಊಟಕ್ಕೆ ಬರ ಬಂದಿದೆ ಅಂತ!

ನನಗೆ ತುಂಬಾ ಇಷ್ಟವಾಗಿದ್ದು ಅವರ ಸ್ಟುಡಿಯೋ. ಒಂದು ಹಳೇ ಬೇಕರಿ ಅದು. ವಾರಕ್ಕೆ ಎರಡೇ ಪುಟ, ಆದ್ರೆ ಕೆಲಸ ಸಿನಿಮಾ ಲೆವೆಲ್ಲು. ಹ್ಯಾಂಪ್ಸನ್ ಮೊದಲು ಇಡೀ ಪುಟದ ಕರಡು ಬರೀತಿದ್ದರು. ಆಮೇಲೆ ತಂಡದವರೇ ವೇಷ ಹಾಕ್ಕೊಂಡು ಪೋಸ್ ಕೊಡಬೇಕು, ಫೋಟೋ ತೆಗೀಬೇಕು, ಅದನ್ನ ನೋಡ್ಕೊಂಡು ಅಂತಿಮ ಚಿತ್ರ. ಬಾಹ್ಯಾಕಾಶ ಪಡೆಯ ಮುಖ್ಯಸ್ಥ ಸರ್ ಹ್ಯೂಬರ್ಟ್‌ಗೆ ಹ್ಯಾಂಪ್ಸನ್ ಅವರ ಅಪ್ಪನೇ ಮಾಡೆಲ್. ನೌಕೆಗಳ ಪುಟ್ಟ ಮಾದರಿಗಳನ್ನೂ ಮಾಡಿಟ್ಕೊಂಡಿದ್ದರು, ಬೆಳಕು ಯಾವ ಕಡೆಯಿಂದ ಬಿದ್ರೆ ನೆರಳು ಎಲ್ಲಿ ಬೀಳುತ್ತೆ ಅಂತ ನೋಡೋಕೆ. ಯಾವ ಪ್ರಕಾಶಕನೂ ಇಷ್ಟು ಕೇಳಿರಲ್ಲ ಬಿಡಿ.

ಈಗ ಬಿ.ಕಾಂ. ತಲೆ ಓಡಿಸೋಣ. ಆಟಿಕೆ, ಗನ್ನು, ರೇಡಿಯೋ, ಡ್ಯಾನ್ ಡೇರ್ ಹೆಸರಲ್ಲಿ ಏನೇನೋ ಮಾರಾಟವಾಯ್ತು. ನಾವು ಓದಿದ ಅಕೌಂಟೆನ್ಸಿ ಪ್ರಕಾರ ಅದೊಂದು ಆಸ್ತಿ. ಆದ್ರೆ ಆ ಆಸ್ತಿ ಹ್ಯಾಂಪ್ಸನ್ ಅವರ ಪುಸ್ತಕದಲ್ಲಿ ಇರಲೇ ಇಲ್ಲ. ಹಕ್ಕೆಲ್ಲ ಪ್ರಕಾಶಕರದ್ದು. ಪುಟ ಬರೆದದ್ದಕ್ಕೆ ದುಡ್ಡು ಬಂತು, ಪಾತ್ರ ದುಡಿದ ದುಡ್ಡು ಬರಲಿಲ್ಲ. ಈ ಜಾಗದಲ್ಲಿ ನಾನು ಓದೋದು ನಿಲ್ಲಿಸಿದೆ. ಯಾಕಂದ್ರೆ ನನ್ನ ಮೇಲ್‌ಬಾಕ್ಸಲ್ಲಿ ಒಂದು ಅಗ್ರಿಮೆಂಟ್ ಕೂತಿದೆ, ಇದೇ ಶೋದು. ಅದರಲ್ಲಿ "ಎಲ್ಲ ಹಕ್ಕುಗಳು, ಶಾಶ್ವತವಾಗಿ" ಅಂತಿದೆ.

1959ರಲ್ಲಿ ಹಲ್ಟನ್ ಕೈಬದಲಾಯ್ತು. ಖರ್ಚು ಜಾಸ್ತಿ, ಇಷ್ಟು ದೊಡ್ಡ ತಂಡ ಯಾಕೆ ಅನ್ನೋ ಮಾತು ಬಂತು. ಅದೇ ವರ್ಷ ಹ್ಯಾಂಪ್ಸನ್ ಡ್ಯಾನ್ ಡೇರ್ ಬಿಟ್ಟರು. ಅದೇ ಪತ್ರಿಕೆಗೆ ಯೇಸುವಿನ ಜೀವನಕಥೆಯನ್ನು ಚಿತ್ರಿಸಿ, ಆಮೇಲೆ ಅಲ್ಲಿಂದಲೇ ಹೊರನಡೆದರು. ಹೊಟ್ಟೆಪಾಡಿಗೆ ಲೇಡಿಬರ್ಡ್ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದರು. 1970ರ ದಶಕದಲ್ಲಿ ಅವರು ಒಂದು ಟೆಕ್ನಿಕಲ್ ಕಾಲೇಜಲ್ಲಿ ಗ್ರಾಫಿಕ್ಸ್ ಟೆಕ್ನಿಶಿಯನ್. ಡ್ಯಾನ್ ಮಾತ್ರ ಬೇರೆಯವರ ಕೈಯಲ್ಲಿ ಹಾರ್ತಾನೇ ಇದ್ದ.

1975ರಲ್ಲಿ ಇಟಲಿಯ ಲುಕ್ಕಾ ಕಾಮಿಕ್ಸ್ ಉತ್ಸವಕ್ಕೆ ಅವರನ್ನ ಕರೆದರು. ಎರಡನೇ ಮಹಾಯುದ್ಧದ ನಂತರದ ಶ್ರೇಷ್ಠ ಕಾಮಿಕ್ಸ್ ಕಲಾವಿದ ಅಂತ ಗೌರವಿಸಿದರು. ಹತ್ತು ವರ್ಷಕ್ಕೆ, 1985ರಲ್ಲಿ, ತೀರಿಹೋದರು.

ಅಗ್ರಿಮೆಂಟ್‌ಗೆ ನಾನಿನ್ನೂ ಸಹಿ ಹಾಕಿಲ್ಲ. ಮುಂದಿನ ವಾರ ಸಿಗೋಣ.