ತೋನ್ಸೆಪಾರಿನ ಕಲ್ಲು, ಕಾಪುವಿನ ಮರಳು

ನಮ್ಮ ಜಿಲ್ಲೆಯ ಚರಿತ್ರೆ ಎಂದರೆ ಶಾಲೆಯ ಪುಸ್ತಕದಲ್ಲಿ ಅಳುಪರಿಂದ ಸುರುವಾಗಿ, ಬಾರಕೂರು ದಾಟಿ, ಕಾರ್ಕಳದ ಗೊಮ್ಮಟನ ಬುಡಕ್ಕೆ ಬಂದು ನಿಲ್ಲುತ್ತದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಆ 42 ಅಡಿಯ ಮೂರ್ತಿಯನ್ನು ನಾನೇ ಎಷ್ಟು ವರ್ಷ ಮಕ್ಕಳಿಗೆ ತೋರಿಸಿದ್ದೇನೋ. ಯಾರು ಕಡೆಸಿದರು, ಬೆಟ್ಟಕ್ಕೆ ಹೇಗೆ ಏರಿಸಿದರು ಎಂದೆಲ್ಲ ಹೇಳುತ್ತೇವೆ. ಆ ಕಲ್ಲಿಗೆ ಎಷ್ಟು ವಯಸ್ಸು ಎಂದು ಒಬ್ಬ ಹುಡುಗಿ ಕೇಳಿದ ಮೇಲೆಯೇ ನಾನು ಕಲ್ಲುಗಳ ಬಗ್ಗೆ ಓದತೊಡಗಿದ್ದು. ನಾನು ಚರಿತ್ರೆಯ ಬಿ.ಎ., ವಿಜ್ಞಾನದವಳಲ್ಲ. ಆದರೆ ಇದೂ ಚರಿತ್ರೆಯೇ ಅಲ್ಲವೇ? ರಾಜರಿಲ್ಲದ ಚರಿತ್ರೆ, ಅಷ್ಟೆ.

ಕಾರ್ಕಳದ ಕರಿಬಂಡೆಯಿಂದ ಪಡುವಣಕ್ಕೆ ಇಳಿದರೆ ನೆಲದ ಬಣ್ಣ ಕೆಂಪಾಗುತ್ತದೆ. ಮಣಿಪಾಲ ಇಡೀ ಮುರಕಲ್ಲಿನ ಗುಡ್ಡೆ. 1953ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಬರುವ ಮೊದಲು ಅದು ಹುಲ್ಲು ಮಾತ್ರ ಬೆಳೆಯುವ ಬೋಳುಗುಡ್ಡೆಯಾಗಿತ್ತೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಈ ಮುರಕಲ್ಲಿಗೆ ಜಗತ್ತೆಲ್ಲ ಇಂದು ಕರೆಯುವ ಲ್ಯಾಟರೈಟ್ ಎಂಬ ಹೆಸರು ಹುಟ್ಟಿದ್ದು ನಮ್ಮದೇ ಪಶ್ಚಿಮ ಕರಾವಳಿಯಲ್ಲಿ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಕಂಪೆನಿ ಸರಕಾರದ ವೈದ್ಯ ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಡಿಪುರಂನಲ್ಲಿ ಜನ ಮೆತ್ತಗಿನ ಕಲ್ಲನ್ನು ಕೊಡಲಿಯಿಂದ ಕಡಿದು, ಗಾಳಿಗೆ ಗಟ್ಟಿಯಾಗಲು ಬಿಟ್ಟು ಗೋಡೆ ಕಟ್ಟುವುದನ್ನು ಕಂಡ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಅದಕ್ಕೊಂದು ಹೆಸರಿಟ್ಟ. ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. 1979ರ ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ ಈ ಕಲ್ಲು ಹುಟ್ಟುವ ಬಗೆಯನ್ನೇ ಚರ್ಚಿಸಲು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಯುನೆಸ್ಕೋ ಮತ್ತು ಭೂವಿಜ್ಞಾನಿಗಳ ಜಾಗತಿಕ ಒಕ್ಕೂಟ ಸೇರಿ ನಡೆಸುವ ಸಹಕಾರ ಕಾರ್ಯಕ್ರಮದ ಅಂಗ ಅದು. ನಮ್ಮ ಬಾವಿಕಟ್ಟೆಯ ಕಲ್ಲಿಗೆ ಇಷ್ಟು ದೊಡ್ಡ ಸಭೆಯೇ ಎಂದು ನಗು ಬಂದರೂ ಒಳಗೊಳಗೆ ಹೆಮ್ಮೆಯೂ ಆಗುತ್ತದೆ.

ಆದರೆ ನಿಜವಾದ ಕತೆ ಇರುವುದು ಮಲ್ಪೆಯ ಎದುರಿಗೆ, ಕಡಲ ನಡುವೆ. ಸಂತ ಮೇರಿ ದ್ವೀಪ ಎಂದು ಪ್ರವಾಸಿಗರು ಹೋಗುವ ಜಾಗವನ್ನು ನಮ್ಮ ಮೀನುಗಾರರು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂದು ಪ್ರತೀತಿ. ದೋಣಿಯಿಂದ ಇಳಿದರೆ ಯಾರೋ ಉಳಿ ಹಿಡಿದು ಕಡೆದು ಜೋಡಿಸಿಟ್ಟಂತೆ ಐದು, ಆರು, ಏಳು ಮುಖಗಳ ಕಂಬಗಳ ಸಾಲು. ಕುದಿಯುವ ಶಿಲಾರಸ ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ಬಿರುಕು ಬಿಡುತ್ತದೆ. ಎಪ್ರಿಲ್ ತಿಂಗಳಲ್ಲಿ ಬತ್ತಿದ ಕೆರೆಯ ಕೆಸರು ಒಡೆಯುವುದನ್ನು ನೋಡಿದ್ದೀರಲ್ಲ, ಅದೇ ರೀತಿ. ಕೆಸರಿನ ಬಿರುಕು ಗೇಣುದ್ದ ಇಳಿದರೆ ಇಲ್ಲಿ ಅದು ಆಳಕ್ಕೆ ಇಳಿದು ಕಂಬಗಳನ್ನೇ ಬಿಡಿಸಿದೆ. ಹೆಚ್ಚಿನವರು ಇದನ್ನು ಬಸಾಲ್ಟ್ ಎನ್ನುತ್ತಾರೆ. ರಾಸಾಯನಿಕವಾಗಿ ನೋಡಿದರೆ ಇದು ರಯೋಲೈಟ್, ಡೇಸೈಟ್ ಜಾತಿಯದು, ಅಂದರೆ ಸಿಲಿಕ ಜಾಸ್ತಿ ಇರುವ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದರ ಮೇಲೆ ಕುಳಿತು ಚುರುಮುರಿ ತಿಂದು ಕಾಗದ ಎಸೆದು ಬರುವವರಿಗೆ ಅದನ್ನು ಯಾರಾದರೂ ಹೇಳಬೇಕು.

ಈ ಕಲ್ಲಿನ ವಯಸ್ಸು ತಿಳಿಯುವುದು ಹೇಗೆ? ಕಲ್ಲಿನೊಳಗಿನ ಪೊಟ್ಯಾಸಿಯಂನಲ್ಲಿ ಒಂದು ಬಗೆ ತೀರ ಮೆಲ್ಲಗೆ ಕರಗುತ್ತ ಬರುತ್ತದೆ. ಅದರ ಒಂದು ಪಾಲು ಆರ್ಗಾನ್ ಎಂಬ ಅನಿಲವಾಗುತ್ತದೆ. ಇದ್ದದ್ದರಲ್ಲಿ ಅರ್ಧ ಮುಗಿಯಲು ಸುಮಾರು 125 ಕೋಟಿ ವರ್ಷ ಬೇಕು. ಶಿಲಾರಸ ಕುದಿಯುವಾಗ ಅನಿಲವೆಲ್ಲ ಹಾರಿಹೋಗುತ್ತದೆ. ಕಲ್ಲು ಗಟ್ಟಿಯಾದ ಮೇಲೆ ಹುಟ್ಟಿದ್ದು ಮಾತ್ರ ಒಳಗೇ ಸಿಕ್ಕಿಬೀಳುತ್ತದೆ. ಎಷ್ಟು ಸಿಕ್ಕಿಬಿದ್ದಿದೆ ಎಂದು ಅಳೆದರೆ ಕಲ್ಲಿನ ಜನ್ಮದಿನ ಸಿಕ್ಕಿದಂತೆ. ಹಾಗೆ ಅಳೆದು ಎ.ಬಿ. ವಲ್ಸಂಗ್ಕರ್, ಸಿ. ರಾಧಾಕೃಷ್ಣಮೂರ್ತಿ, ಕೆ.ವಿ. ಸುಬ್ಬರಾವ್ ಅವರು ಬ್ರಿಟನ್ನಿನ ಬೆಕಿನ್ಸೇಲರ ಜೊತೆಗೂಡಿ 1981ರಲ್ಲಿ ಸುಮಾರು 9 ಕೋಟಿ 30 ಲಕ್ಷ ವರ್ಷ ಎಂದರು. 2000ದಲ್ಲಿ ನಾರ್ವೆಯ ಟ್ರಾಂಡ್ ಟೋರ್ಸ್‌ವಿಕ್ ಮತ್ತು ಸಂಗಡಿಗರು, ಅವರಲ್ಲಿ ಭಾರತೀಯರೂ ಇದ್ದರು, ಜಿರ್ಕಾನ್ ಹರಳುಗಳಲ್ಲಿನ ಯುರೇನಿಯಂ ಅಳೆದು 9 ಕೋಟಿ 12 ಲಕ್ಷ ಎಂದರು. ಮರುವರ್ಷವೇ ಕಾಂಚನ್ ಪಾಂಡೆ, ಹೇತು ಶೇಠ್ ಮತ್ತು ಜೊತೆಯವರು ಆರ್ಗಾನ್ ವಿಧಾನವನ್ನೇ ಇನ್ನಷ್ಟು ಸೂಕ್ಷ್ಮವಾಗಿ ಬಳಸಿ 8 ಕೋಟಿ 56 ಲಕ್ಷ ಎಂದರು. ಐವತ್ತು ಲಕ್ಷ ವರ್ಷದ ಜಗಳ! ನಮ್ಮಲ್ಲಿ ಒಂದು ಶಾಸನದ ತಿಥಿಗೆ ಐದು ವರ್ಷ ಹೆಚ್ಚುಕಡಿಮೆಯಾದರೆ ಎಷ್ಟು ರಂಪ ಮಾಡುತ್ತೇವೆ.

ಇಷ್ಟು ದೂರದವರಿಗೆ ನಮ್ಮ ಕಲ್ಲಿನ ಗೊಡವೆ ಏಕೆ? ಅದರ ನಂಟರು ಆಫ್ರಿಕದ ಪಕ್ಕದ ಮಡಗಾಸ್ಕರ್‌ನಲ್ಲಿ ಇರುವುದರಿಂದ. ಗೊಂಡರ ನಾಡಿನಿಂದ ಹೆಸರು ಪಡೆದ ಗೊಂಡ್ವಾನ ಎಂಬ ಮಹಾಭೂಖಂಡ ಒಡೆದು ಚೂರಾದಾಗ ಭಾರತ, ಮಡಗಾಸ್ಕರ್ ಎರಡೂ ಬಹುಕಾಲ ಅಂಟಿಕೊಂಡೇ ಇದ್ದವು. ಸುಮಾರು 9 ಕೋಟಿ ವರ್ಷದ ಹಿಂದೆ ಅವು ಬೇರೆಯಾಗುವಾಗ ನೆಲದ ಬಿರುಕಿನಿಂದ ಉಕ್ಕಿದ ರಸ ಎರಡೂ ಕಡೆ ಉಳಿಯಿತು. 2009ರಲ್ಲಿ ಇಟಲಿಯ ಲಿಯೋನೆ ಮೆಲ್ಲುಸೊ, ನಮ್ಮ ಶೇಠ್, ಅಮೆರಿಕದ ಜಾನ್ ಮಹೋನಿ ಮತ್ತಿತರರು ತೋನ್ಸೆಪಾರಿನ ಕಲ್ಲನ್ನೂ ಪೂರ್ವ ಮಡಗಾಸ್ಕರ್‌ನ ಕಲ್ಲನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿ, ಇವು ಹತ್ತಿರದ ಸಂಬಂಧಿಗಳೆಂದು ತೋರಿಸಿದರು. ಆಸ್ತಿ ಪಾಲಾದ ಮನೆಯ ಎರಡು ಕೋಣೆಗಳಲ್ಲಿ ಒಂದೇ ಜೋಡಿಯ ಬಾಗಿಲು ಕಂಡಂತೆ. ಒಂದು ದೇಶದವರು ತಮ್ಮ ಅಂಗಳವನ್ನೇ ಎಷ್ಟು ಗುಡಿಸಿದರೂ ಇದು ಗೊತ್ತಾಗುತ್ತಿರಲಿಲ್ಲ. ಹಾಗೆ ಒಡೆದದ್ದರ ಅಂಚೇ ನಮ್ಮ ಕರಾವಳಿ. ಕಾಪುವಿನ ದಡದಲ್ಲಿ ನಿಂತವಳು ಒಂದು ಹಳೆಯ ಬಿರುಕಿನ ಬಾಯಲ್ಲಿ ನಿಂತಿರುತ್ತಾಳೆ.

ಕಾಪು ನನ್ನ ತವರು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭ ಹಾಗೆಯೇ ಇದೆ. ಬಂಡೆಗೆ ಏನೂ ಆಗಿಲ್ಲ. ಆಗಿರುವುದೆಲ್ಲ ಮರಳಿಗೆ. ಅಜ್ಜಿಯ ಕಾಲದಲ್ಲಿ ನಮ್ಮ ಹಿತ್ತಿಲಿನ ಪಡುಬದಿ ಮೂರು ಸಾಲು ತೆಂಗು, ಅದರಾಚೆ ಬಂಗುಡೆ ಒಣಗಿಸುವ ಮರಳುದಿನ್ನೆ. ಈಗ ಒಂದೇ ಸಾಲು. ಅಮ್ಮ ಕಾಯಿ ಕೀಳಿಸಿದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಾವ ಆಟಿಯಲ್ಲಿ ಎಷ್ಟು ಮರ ಹೋಯಿತೆಂದು ಅದರಲ್ಲಿ ಇದೆ. ಮಳೆಗಾಲದ ಅಲೆ ಮರಳನ್ನು ಒಯ್ಯುವುದು, ಮಳೆ ನಿಂತ ಮೇಲೆ ತಿರುಗಿ ತಂದು ಹಾಕುವುದು ಕಡಲಿನ ಪದ್ಧತಿ. ತಂದದ್ದು ಒಯ್ದದ್ದಕ್ಕಿಂತ ಕಡಿಮೆಯಾದರೆ ಕೊರೆತ. ನದಿಗೆ ಅಡ್ಡ ಕಟ್ಟಿದರೆ, ಹೊಳೆಯ ಹೊಯಿಗೆ ತೆಗೆದರೆ, ಅಳಿವೆಯ ಬಾಯಿ ಅತ್ತಿತ್ತ ಸರಿದರೆ ಈ ಲೆಕ್ಕ ತಪ್ಪುತ್ತದೆ. ಕಲ್ಲಿನ ತಡೆಗೋಡೆ ಹಾಕಿದಲ್ಲಿ ಮನೆ ಉಳಿಯುವುದು ನಿಜ. ಆದರೆ ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನು ತೋಡುತ್ತದೆ, ಗೋಡೆ ಮುಗಿದಲ್ಲಿ ನೆರೆಮನೆಯ ದಡವನ್ನು ಹಿಡಿಯುತ್ತದೆ.

ಈ ಲೆಕ್ಕವನ್ನು ಇಡೀ ಉಡುಪಿ ತೀರಕ್ಕೆ ಹಾಕಿದವರಿದ್ದಾರೆ. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯ ಜಿ.ಎಸ್. ದ್ವಾರಕೀಶ್, ಚೆನ್ನೈನ ಉಷಾ ನಟೇಶನ್, ಜಪಾನಿನ ಕಾಗೋಶಿಮಾದ ಅಸಾನೋ, ಕಾಕಿನುಮಾ ಮತ್ತಿತರರು ಕೂಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅಗ್ನಿಪರ್ವತವನ್ನು ಕಣ್ಣೆದುರಿಗೇ ಇಟ್ಟುಕೊಂಡು ಬದುಕುವ ಊರು ಕಾಗೋಶಿಮಾ. ಅಪಾಯದ ಜೊತೆ ಬಾಳುವುದನ್ನು ಅಲ್ಲಿಯವರಿಗೆ ಕಲಿಸಬೇಕಾಗಿಲ್ಲ. ದಡದ ಇಳಿಜಾರು, ಭರತ-ಇಳಿತದ ಅಂತರ, ದಡ ಸರಿದ ವೇಗ, ನೆಲದ ಬಗೆ, ಇಂಥವುಗಳಿಗೆ ಅಂಕ ಕೊಟ್ಟು, ಕೂಡಿ ನೋಡುವ ಕ್ರಮ. ಇದನ್ನು ಮೊದಲು ರೂಪಿಸಿದವರು ನ್ಯೂಯಾರ್ಕಿನ ಒಬ್ಬ ಹೆಂಗಸು, ವಿವಿಯನ್ ಗಾರ್ನಿಟ್ಜ್, 1990ರ ದಶಕದ ಆರಂಭದಲ್ಲಿ. ನಾನು ಈ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಕಡಲು ಒಂದು ಮೀಟರ್ ಏರಿದರೆ ಉಡುಪಿ ತೀರದಲ್ಲಿ ಸುಮಾರು 42 ಚದರ ಕಿಲೋಮೀಟರ್ ನೆಲ ಮುಳುಗುತ್ತದೆ ಎಂದು ಆ ಅಧ್ಯಯನ ಹೇಳುತ್ತದೆ.

ಸುನಾಮಿಯ ಮಾತನ್ನೂ ಹೇಳಬೇಕು. 2004ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆ ಉಳಿದುಕೊಂಡಿತು. ಆದರೆ 1945ರ ನವೆಂಬರಿನಲ್ಲಿ ಮಕ್ರಾನ್ ತೀರದ ಭೂಕಂಪದಿಂದ ಎದ್ದ ಅಲೆ ಅರಬ್ಬಿ ಸಮುದ್ರದಲ್ಲೇ ಮುಂಬಯಿವರೆಗೆ ಬಂದಿತ್ತು. ಪಡುವಣ ಕಡಲು ಸಾಧು ಎಂದು ನೆಚ್ಚಿ ಕೂರುವ ಹಾಗಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಎಚ್ಚರಿಕೆ ಕೇಂದ್ರ ಬಂತು. 2011ರಿಂದ ಭಾರತ, ಆಸ್ಟ್ರೇಲಿಯ, ಇಂಡೋನೇಷ್ಯ ಮೂರೂ ಸೇರಿ ಇಡೀ ಹಿಂದೂ ಮಹಾಸಾಗರದ ದೇಶಗಳಿಗೆ ಸೂಚನೆ ಕೊಡುತ್ತಿವೆ. ಸುಮಾತ್ರದಲ್ಲಿ ನೆಲ ನಡುಗಿದರೆ ಹೈದರಾಬಾದಿಗೆ ನಿಮಿಷಗಳಲ್ಲಿ ತಿಳಿಯುತ್ತದೆ. ಹೈದರಾಬಾದಿನಿಂದ ಕಾಪುವಿನ ಪಡುವಿನಲ್ಲಿ ಬಲೆ ಹೊಲಿಯುತ್ತ ಕೂತವರ ಕಿವಿಗೆ ಮುಟ್ಟುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ, ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ ಅದೇ.

ಕಳೆದ ಮಳೆಗಾಲದ ನಂತರ ತಮ್ಮ ಹಿತ್ತಿಲಿನ ಪಡುಬದಿಗೆ ಕಲ್ಲು ಹಾಕಿಸುವ ಮಾತೆತ್ತಿದ. ನಮ್ಮ ಬಡಗು ಮನೆಯಲ್ಲಿ ಗಂಡ ತೀರಿಕೊಂಡ ಒಬ್ಬ ಅಕ್ಕ ಇದ್ದಾರೆ, ನಮ್ಮ ಕಲ್ಲು ನಿಂತಲ್ಲಿಂದ ಅವರ ಗಡಿ ಸುರು. ನಾನು ಅಮ್ಮನ ಪುಸ್ತಕವನ್ನೂ ಶಾಲೆಯ ಗಣಕದಲ್ಲಿ ಮುದ್ರಿಸಿದ ನಕ್ಷೆಯನ್ನೂ ಅವನೆದುರು ಇಟ್ಟೆ. ಅವನು ಬಹಳ ಹೊತ್ತು ನೋಡಿ, “ಅಕ್ಕ, ನೀನು ಹೇಳುವುದು ಸರಿ. ಆದರೆ ನಮ್ಮ ಮರ ಹೋದರೆ ಆ ಜಪಾನಿನವರು ಬಂದು ಕೊಡುತ್ತಾರಾ?” ಎಂದ. ಎರಡು ಮನೆಯವರೂ ಕೂಡಿ ಬಂಗಡೆ ಬಳ್ಳಿ, ಮುಂಡುಗ ನೆಟ್ಟು ದಿನ್ನೆ ನಿಲ್ಲಿಸಲು ನೋಡುವ ಎಂದು ಸದ್ಯಕ್ಕೆ ಮಾತಾಗಿದೆ. ಕಲ್ಲಿನ ಲಾರಿಗೆ ಕೊಟ್ಟ ಮುಂಗಡವನ್ನು ಅವನು ಇನ್ನೂ ವಾಪಸು ಕೇಳಿಲ್ಲ.