ಹೊಲ ಮುಳುಗಬಹುದು, ಹೆಣ್ಣುಮಕ್ಕಳ ಹಕ್ಕು ಮುಳುಗಬಾರದು



ಹಿಜರಿ 3ನೇ ವರ್ಷ ಉಹುದ್ ಯುದ್ಧದಲ್ಲಿ ಹಜ್ರತ್ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರ ಪತ್ನಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ಯವರ ಬಳಿ ಬಂದರು. ಮಕ್ಕಳ ತಂದೆಯ ಸಹೋದರ ಆಸ್ತಿಯನ್ನೆಲ್ಲ ತೆಗೆದುಕೊಂಡಿದ್ದಾನೆ, ಕೈಯಲ್ಲಿ ಏನೂ ಇಲ್ಲದೆ ಇವರ ಮದುವೆ ಹೇಗೆ ಮಾಡಲಿ ಎಂದು ದೂರಿದರು. ಆಗ ಅನ್ನಿಸಾ ಅಧ್ಯಾಯದ ವಾರಸಿನ ಸೂಕ್ತ ಅವತೀರ್ಣವಾಯಿತು. ಪ್ರವಾದಿ(ಸ)ಯವರು ಆ ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ಅವರ ತಾಯಿಗೆ ಎಂಟರಲ್ಲಿ ಒಂದು ಪಾಲು ಕೊಡು, ಉಳಿದದ್ದು ನಿನ್ನದು ಎಂದು ತೀರ್ಪಿತ್ತರು. ಒಬ್ಬ ವಿಧವೆಯ ದೂರಿಗೆ ಆಕಾಶದಿಂದ ಬಂದ ಉತ್ತರವದು.

ಸಾವಿರದ ಮುನ್ನೂರು ವರ್ಷಗಳ ನಂತರವೂ ನಮ್ಮ ದೇಶದ ಅನೇಕ ಮುಸ್ಲಿಮ್ ಮನೆಗಳಲ್ಲಿ ರೂಢಿಯೇ ಕಾನೂನಾಗಿತ್ತು. ಹೊಲ ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಮದುವೆಯ ಖರ್ಚು ಮಾತ್ರ. ಈ ರೂಢಿಯನ್ನು ತೆಗೆಯಲೆಂದೇ ಉಲಮಾಗಳು ಒತ್ತಾಯಿಸಿದರು, ಮುಸ್ಲಿಮ್ ಮಹಿಳಾ ಸಂಘಟನೆಗಳೂ ಬೆಂಬಲಿಸಿದವು. 1937ರಲ್ಲಿ ಶರೀಅತ್ ಅನ್ವಯ ಕಾಯಿದೆ ಬಂದಿತು.

ಆದರೆ ಅದು ಬ್ರಿಟಿಷ್ ಭಾರತದ ಕಾಯಿದೆ. ಅಂದು ನಮ್ಮ ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಬೀಳಗಿ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಹೀಗೆ ಬೀಳಗಿಯ ಮಗಳಿಗೆ ಬಂದ ಕಾಯಿದೆ ಅದೇ ದಿನ ಜಮಖಂಡಿಯ ಮಗಳಿಗೆ ಬರಲಿಲ್ಲ. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆಯೇ ಈ ಗಡಿ ಅಳಿಯಿತು.

ಇನ್ನೊಂದು ಕೊರತೆಯೂ ಇತ್ತು. ಆ ಕಾಯಿದೆ ಕೃಷಿ ಜಮೀನನ್ನು ಹೊರಗಿಟ್ಟಿತು. ಮದ್ರಾಸ್ 1949ರಲ್ಲಿ, ಕೇರಳ 1963ರಲ್ಲಿ ತಿದ್ದುಪಡಿ ಮಾಡಿ ಜಮೀನನ್ನೂ ಸೇರಿಸಿಕೊಂಡವು. ನಮ್ಮಲ್ಲಿ ಹೊಲದ ಮಾತು ಬಂದಾಗ ಇಂದಿಗೂ "ನಮ್ಮ ಹಿರಿಯರ ರೂಢಿ" ಎನ್ನುವವರಿದ್ದಾರೆ. ಸಹೋದರರೇ, ಸರ್ಕಾರದ ಕಾಯಿದೆ ಜಮೀನನ್ನು ಬಿಟ್ಟಿರಬಹುದು, ಅಲ್ಲಾಹನ ಆಜ್ಞೆ ಬಿಟ್ಟಿಲ್ಲ. ಆಸ್ತಿ ಸ್ವಲ್ಪವಿರಲಿ ಹೆಚ್ಚಿರಲಿ, ಗಂಡಸರಿಗೂ ಹೆಂಗಸರಿಗೂ ಪಾಲಿದೆ ಎಂದು ಅದೇ ಅಧ್ಯಾಯದ 7ನೇ ಸೂಕ್ತ ಹೇಳುತ್ತದೆ.

ಈಗ ಈ ಮಾತು ಏಕೆ? ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಕೃಷ್ಣಾ ತೀರದ ಜಮೀನುಗಳು ಮುಳುಗಲಿವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನಿಗದಿ ಮಾಡಿತು. ಪರಿಹಾರದ ಮಾತು ಬಂದೊಡನೆ ವಂಶಾವಳಿ ಬರೆಸುವ ಓಡಾಟ ಶುರುವಾಗುತ್ತದೆ. ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರೇ ಇರದಿರುವುದನ್ನು ನಾವು ಕಂಡಿದ್ದೇವೆ. ತಂದೆಯ ದಫನ್ ಆಗಿ ವಾರ ಕಳೆಯುವ ಮೊದಲೇ ತಂಗಿಯ ಮುಂದೆ ಹಕ್ಕುಬಿಡುಗಡೆ ಪತ್ರ ಇಟ್ಟದ್ದನ್ನೂ ಕಂಡಿದ್ದೇವೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಒತ್ತಿದ ಹೆಬ್ಬೆಟ್ಟು ಸಮ್ಮತಿಯಲ್ಲ. ತನ್ನ ಪಾಲು ಎಷ್ಟೆಂದು ತಿಳಿದು, ಮನಸಾರೆ ಬಿಟ್ಟರೆ ಅದು ಬೇರೆ ಮಾತು.

ಲೆಕ್ಕ ಕಠಿಣವಲ್ಲ. ಮೊದಲು ಕಫನ್ ದಫನ್ ಖರ್ಚು. ನಂತರ ಸಾಲ. ಪತ್ನಿಗೆ ಕೊಡದೆ ಉಳಿದ ಮಹರ್ ಕೂಡ ಸಾಲವೇ. ಆಮೇಲೆ ವಸಿಯ್ಯತ್. ಉಳಿದದ್ದು ವಾರಸುದಾರರಿಗೆ. ಇಷ್ಟೆಲ್ಲ ಕಳೆದು 40 ಲಕ್ಷ ಉಳಿಯಿತೆನ್ನಿ. ಮೃತರ ತಂದೆತಾಯಿ ಇಲ್ಲ, ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಪತ್ನಿಗೆ ಎಂಟರಲ್ಲೊಂದು ಪಾಲು, ಅಂದರೆ 5 ಲಕ್ಷ. ಉಳಿದ 35 ಲಕ್ಷದಲ್ಲಿ ಗಂಡುಮಕ್ಕಳಿಗೆ ತಲಾ 14 ಲಕ್ಷ, ಮಗಳಿಗೆ 7 ಲಕ್ಷ. ಈ 7 ಲಕ್ಷ ಅಣ್ಣಂದಿರು ಕೊಡುವ ಉಡುಗೊರೆಯಲ್ಲ, ಅವಳದೇ ಹಣ.

ವಸಿಯ್ಯತ್‌ಗೂ ಮಿತಿಯಿದೆ. ಹಜ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆಯಲ್ಲಿದ್ದಾಗ ತಮ್ಮ ಆಸ್ತಿಯ ಬಹುಪಾಲನ್ನು ದಾನ ಮಾಡಲು ಅನುಮತಿ ಕೇಳಿದರು. ಪ್ರವಾದಿ(ಸ)ಯವರು ಮೂರನೇ ಒಂದು ಭಾಗಕ್ಕಷ್ಟೇ ಒಪ್ಪಿ, ಅದೂ ಹೆಚ್ಚೇ ಎಂದರು. ವಾರಸುದಾರರ ಕೈ ಬೇರೆಯವರ ಮುಂದೆ ಚಾಚುವಂತಾಗಬಾರದು. ಇತರ ವಾರಸುದಾರರ ಒಪ್ಪಿಗೆಯಿಲ್ಲದೆ ಒಬ್ಬ ವಾರಸುದಾರನಿಗೆ ವಸಿಯ್ಯತ್ ಮಾಡುವಂತಿಲ್ಲ. ಆದರೆ ನೀವು ಬದುಕಿರುವಾಗಲೇ ಒಬ್ಬ ಮಗ ತೀರಿಹೋಗಿದ್ದರೆ, ಬೇರೆ ಮಗನಿರುವಾಗ ಆ ಅನಾಥ ಮೊಮ್ಮಕ್ಕಳಿಗೆ ವಾರಸು ಬರುವುದಿಲ್ಲ. ಅಂಥವರಿಗಾಗಿಯೇ ಈ ಮೂರನೇ ಒಂದು ಭಾಗವನ್ನು ಬಳಸಿರಿ. ಅವರನ್ನು ಚಿಕ್ಕಪ್ಪಂದಿರ ದಯೆಗೆ ಬಿಡಬೇಡಿರಿ.

ಬದುಕಿರುವಾಗಲೇ ಹಿಬಾ ಮಾಡುವುದಾದರೆ ಸ್ವಾಧೀನವನ್ನೂ ಕೊಡಬೇಕು, ಮಕ್ಕಳ ನಡುವೆ ನ್ಯಾಯವನ್ನೂ ಪಾಲಿಸಬೇಕು. ನುಅಮಾನ್ ಬಿನ್ ಬಶೀರ್(ರ) ಅವರ ತಂದೆ ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟಾಗ ಪ್ರವಾದಿ(ಸ)ಯವರು ಅದಕ್ಕೆ ಸಾಕ್ಷಿಯಾಗಲು ನಿರಾಕರಿಸಿದರು.

ಆದ್ದರಿಂದ ಈ ವಾರವೇ ಮನೆಯಲ್ಲಿ ಕುಳಿತು ಬರೆಯಿರಿ. ಹೊಲದ ಉತಾರ, ಮನೆ, ಮಗ್ಗ, ಚಿನ್ನ, ಬ್ಯಾಂಕಿನ ಖಾತೆ, ಕೊಡಬೇಕಾದ ಸಾಲ, ಬರಬೇಕಾದ ಹಣ, ಪತ್ನಿಯ ಮಹರ್ ಎಲ್ಲವೂ ಅದರಲ್ಲಿರಲಿ. ವಸಿಯ್ಯತ್‌ಗೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿರಿ. ವಂಶಾವಳಿಯಲ್ಲಿ ಪ್ರತಿ ಮಗಳ ಹೆಸರೂ ಇದೆಯೇ ಎಂದು ಕಣ್ಣಾರೆ ನೋಡಿರಿ. ಪಾಲಿನ ಲೆಕ್ಕದಲ್ಲಿ ಸಂಶಯವಿದ್ದರೆ ಆಲಿಮರನ್ನೂ, ಕಾಗದಪತ್ರಕ್ಕೆ ವಕೀಲರನ್ನೂ ಕೇಳಿರಿ.

ನೀರು ಬಂದರೆ ಹೊಲದ ಬದು ಕಾಣದು. ಆದರೆ ತಂಗಿಯ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅಲ್ಲಾಹನಿಗೆ ಗೊತ್ತು. ಹಕ್ಕುದಾರರಿಗೆ ಹಕ್ಕು ಮುಟ್ಟಿಸುವ ತೌಫೀಕನ್ನು ಅವನು ನಮಗೆಲ್ಲರಿಗೂ ನೀಡಲಿ. ಆಮೀನ್.