ಗುಲಾಬಿ ಕಿತ್ತು ಬಾಳೆ ನೆಟ್ಟವರು

ಹಿರಿಯರು ಬಿಟ್ಟುಹೋದದ್ದನ್ನು ಕಾಪಾಡುವುದೆಂದರೆ ಅದನ್ನು ಮುಟ್ಟದೆ ಇಡುವುದು ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇಂಗ್ಲೆಂಡಿನ ಪೂರ್ವ ಸಸೆಕ್ಸ್ ಸೀಮೆಯ ನಾರ್ಥಿಯಮ್ ಹಳ್ಳಿಯಲ್ಲಿರುವ ಗ್ರೇಟ್ ಡಿಕ್ಸ್ಟರ್ ತೋಟದ ಚರಿತ್ರೆ ಬೇರೊಂದು ಮಾತು ಹೇಳುತ್ತದೆ.

ಹಿಂದೆ ಊರಿನ ಜಮೀನ್ದಾರರಿಗೆ ಸೇರಿದ್ದ ಅಲ್ಲಿನ ಮರದ ಚೌಕಟ್ಟಿನ ಮನೆ 15ನೇ ಶತಮಾನದ್ದು. 1910ರಲ್ಲಿ ಅದನ್ನು ಕೊಂಡ ನಥಾನಿಯಲ್ ಲಾಯ್ಡ್, ಜೀರ್ಣೋದ್ಧಾರಕ್ಕೆ ಎಡ್ವಿನ್ ಲುಟೆನ್ಸ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿದರು. ಲುಟೆನ್ಸ್ ಕೆಂಟ್ ಸೀಮೆಯ ಇನ್ನೊಂದು ಹಳೆಯ ಮನೆಯನ್ನು ಬಿಚ್ಚಿ ತಂದು ಇದಕ್ಕೆ ಜೋಡಿಸಿದರು. ದನದ ಕೊಟ್ಟಿಗೆಗಳನ್ನು ಕೆಡವದೆ ತೋಟದೊಳಗೆ ಸೇರಿಸಿಕೊಂಡು, ಹಳೆಯ ದನದ ಅಂಗಳವೊಂದನ್ನು ಗುಲಾಬಿ ತೋಟವಾಗಿ ರೂಪಿಸಿದರು. ಈ ಲುಟೆನ್ಸ್ ನಮಗೆ ಅಪರಿಚಿತರಲ್ಲ. ಮುಂದೆ ದೆಹಲಿಯ ರಾಷ್ಟ್ರಪತಿ ಭವನವನ್ನು ಕಟ್ಟಿದವರೂ, ಮೊಗಲರ ಚಾರ್‌ಬಾಗಿನ ನೀರ ಕಾಲುವೆಗಳಿಗೆ ಇಂಗ್ಲಿಷ್ ಹೂಪಾತಿಗಳನ್ನು ಬೆಸೆದು ಅಲ್ಲಿನ ಉದ್ಯಾನವನ್ನು ಯೋಜಿಸಿದವರೂ ಇವರೇ. 2023ರಲ್ಲಿ ಮೊಗಲ್ ಉದ್ಯಾನವೆಂಬ ಅದರ ಹೆಸರು ಅಮೃತ ಉದ್ಯಾನ ಎಂದು ಬದಲಾಯಿತು. ಕಾಲುವೆಗಳು ಮಾತ್ರ ಹಾಗೆಯೇ ಇವೆ.

ಡಿಕ್ಸ್ಟರಿನಲ್ಲಿ ಬದಲಾದದ್ದು ಹೆಸರಲ್ಲ, ಗಿಡಗಳು. ನಥಾನಿಯಲ್ಲರ ಕಿರಿಯ ಮಗ ಕ್ರಿಸ್ಟೋಫರ್ ಲಾಯ್ಡ್ (1921-2006) ಅದೇ ಮನೆಯಲ್ಲಿ ಹುಟ್ಟಿ, ಅದೇ ತೋಟಕ್ಕೆ ಬದುಕು ಸವೆಸಿದವರು. ದಶಕಗಳ ಕಾಲ ಒಂದೇ ಬೆಳೆ ಹೊತ್ತ ಗುಲಾಬಿ ತೋಟದ ಮಣ್ಣು ದಣಿದಿತ್ತು. ಹೊಸ ಗುಲಾಬಿ ಏಳುತ್ತಿರಲಿಲ್ಲ. 1990ರ ದಶಕದ ಆರಂಭದಲ್ಲಿ ಅವರು, ತುರ್ಕಿ ತಾಯಿಯ ಮಗನಾದ ಮುಖ್ಯ ತೋಟಗಾರ ಫರ್ಗಸ್ ಗ್ಯಾರೆಟ್ಟರೊಡನೆ ಗುಲಾಬಿಗಳನ್ನು ಕಿತ್ತು, ಬಾಳೆ, ಕ್ಯಾನಾ, ಡೇಲಿಯಾಗಳನ್ನು ನೆಟ್ಟರು. ಲುಟೆನ್ಸ್ ಮಾಡಿದ್ದನ್ನು ಅಳಿಸುವುದೇ ಎಂದು ಹಲವರು ಹುಬ್ಬೇರಿಸಿದರು. ಆದರೆ ಲುಟೆನ್ಸರ ವಿನ್ಯಾಸ, ಕೊಟ್ಟಿಗೆ, ತಂದೆ ನೆಟ್ಟ ಯೂ ಮರದ ಬೇಲಿ ಎಲ್ಲವೂ ಇದ್ದಲ್ಲೇ ಉಳಿದವು.

ನೆಡುವ ಉಪಾಯ ಹುಡುಕುವವರು ಆ ತೋಟವನ್ನು ಶರತ್ಕಾಲದಲ್ಲಿ ನೋಡಬೇಕು. ವಸಂತದಲ್ಲಿ ಎಲ್ಲ ತೋಟವೂ ಚೆಲುವೆ. ಅಕ್ಟೋಬರಿನಲ್ಲಿ ಯಾವ ಗಿಡ ಇನ್ನೂ ನಿಂತಿದೆ, ಯಾವುದು ಸೋತು ಜಾಗ ತೆರವು ಮಾಡಿದೆ ಎಂಬುದು ಕಾಣುತ್ತದೆ. ಮಣ್ಣಿನಲ್ಲಿ ಬಿಸುಪು ಇರುವಾಗಲೇ ಆ ತೆರವುಗಳಲ್ಲಿ ವಸಂತದ ಗೆಡ್ಡೆಗಳು ಇಳಿಯುತ್ತವೆ. ನಮ್ಮ ಹಿತ್ತಲಲ್ಲಿ ಯಾರೂ ತಿರುಗಿ ನೋಡದ ಬಾಳೆಗೆ ಅಲ್ಲಿ ಚಳಿಗಾಲದ ಮುನ್ನ ಒಣಸೊಪ್ಪಿನ ಹೊದಿಕೆ ಸುತ್ತುತ್ತಾರೆ.

ಯಾವುದನ್ನು ಉಳಿಸಬೇಕು, ಯಾವುದನ್ನು ಕೀಳಬೇಕು ಎಂಬ ಪ್ರಶ್ನೆ ತೋಟಗಾರನಿಗೆ ಪ್ರತಿವರ್ಷ ಎದುರಾಗುತ್ತದೆ. ಹಿಂದಿನವರು ಕಟ್ಟಿದ ಅಂಗಳದ ಮೇಲೆ ಗೌರವವಿದ್ದವನು, ಅದರ ದಣಿದ ಮಣ್ಣನ್ನೂ ಮುಟ್ಟಿ ನೋಡಬೇಕಾಗುತ್ತದೆ.